ಸನದು ಇದ್ದ ವಕೀಲರು: ಬಿಜಾಪುರದ ಹಳಕಟ್ಟಿಯವರ ಕಥೆ

ಹಿರೇಕೊಟ್ನೆಕಲ್‌ನಿಂದ ಮಾನ್ವಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಮೊನ್ನೆ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಪಹಣಿ, ಹಳೇ ಖರೀದಿ ಪತ್ರ, ಅದರ ಮ್ಯಾಲೆ ಕೋರ್ಟಿನ ನೋಟೀಸು. ಅಣ್ಣತಮ್ಮಂದಿರ ಹೊಲದ ತಕರಾರು. ನಾನು ಪೇಪರಿನವನು ಅಂತ ಗೊತ್ತಾದ ಕೂಡಲೇ ಅವರು ಕೇಳಿದ್ದು ಒಂದೇ. ಖರೇ ವಕೀಲ ಯಾರು, ಖೊಟ್ಟಿ ವಕೀಲ ಯಾರು, ನಮ್ಮಂಥ ಹಳ್ಳಿ ಮಂದಿ ಅದನ್ನ ಹ್ಯಾಂಗ ತಿಳಕೋಬೇಕು ಅಂತ.

ಕೇಳಲಿಕ್ಕೆ ಕಾರಣ ಇತ್ತು. ಹೋದ ವರ್ಷ ಚಹಾದ ಅಂಗಡಿಯಲ್ಲಿ ಸಿಕ್ಕ ಕರಿಕೋಟಿನ ಒಬ್ಬಾತ ಇವರ ಕಡೆಯಿಂದ ಎರಡು ಸಲ ರೊಕ್ಕ ತಗೊಂಡಿದ್ದನಂತೆ. ಖಾಲಿ ಕಾಗದದ ಮ್ಯಾಲೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದನಂತೆ. ಪೇಶಿ ದಿನ ಹೋಗಿ ನೋಡಿದರೆ ಇವರ ಪರವಾಗಿ ಕೋರ್ಟಿನಲ್ಲಿ ಒಂದು ವಕಾಲತ್ತೂ ಇಲ್ಲ, ಆ ಮನುಷ್ಯನೂ ಇಲ್ಲ. ಕೋಟು ಹಾಕಿದವರೆಲ್ಲ ವಕೀಲರು ಅಂತ ತಿಳಿದದ್ದೇ ತಪ್ಪಾಯಿತು ಎಂದು ಹಿರಿಯರು ಕೈ ಕೈ ಹಿಸುಕಿಕೊಂಡರು.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ನನಗೆ ತಿಳಿದ ಕಾಯ್ದೆ ಏನಿದ್ದರೂ ಸುದ್ದಿಗಾಗಿ ಕೋರ್ಟಿನ ಕಟ್ಟೆಯ ಮ್ಯಾಲೆ ಕೂತು ಕೂತು ಕಿವಿಗೆ ಬಿದ್ದದ್ದು. ವಕೀಲರಿಗೆ ಸನದು ಅಂತ ಒಂದು ಇರತದ, ಅದರ ನಂಬರು ಕೇಳ್ರಿ ಎಂದೆ. ನಂಬರು ಇದ್ದರ ಸಾಕೇನು ಎಂದು ಅವರು ತಿರುಗಿ ಕೇಳಿದರು. ಅದಕ್ಕೆ ಬಸ್ಸಿನಲ್ಲಿ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಳಿದು ನಡೆಯುವಾಗ ನೆನಪಿಗೆ ಬಂದವರು ಬಿಜಾಪುರದ ಹಳಕಟ್ಟಿ ವಕೀಲರು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಫ. ಗು. ಹಳಕಟ್ಟಿ ಅಂದರೆ ನಮ್ಮ ಕಡೆ ಸಾಲಿ ಹುಡುಗರಿಗೂ ಗೊತ್ತು, ವಚನ ಪಿತಾಮಹ. ಅವರು ಹುಟ್ಟಿದ ಜುಲೈ 2ರಂದು ಸರಕಾರ ವಚನ ಸಾಹಿತ್ಯ ಸಂರಕ್ಷಣಾ ದಿನ ಮಾಡುತ್ತದೆ. ಕಚೇರಿಗಳಲ್ಲಿ ಫೋಟೋಕ್ಕೆ ಹಾರ ಬೀಳುತ್ತದೆ, ಭಾಷಣ ಆಗುತ್ತದೆ. ಆದರೆ ಈ ಮನುಷ್ಯ ವಕೀಲಿ ಮಾಡಿ ಅನ್ನ ಉಂಡವರು, ಆ ಅನ್ನದ ರೊಕ್ಕವನ್ನೇ ತಾಡೋಲೆಗೆ ಹಾಕಿದವರು ಎಂಬುದನ್ನು ಹಾರ ಹಾಕುವವರಲ್ಲಿ ಎಷ್ಟು ಮಂದಿ ನೆನೆಸುತ್ತಾರೋ!

ಅವರು ಹುಟ್ಟಿದ್ದು 1880ರಲ್ಲಿ, ಧಾರವಾಡದಲ್ಲಿ. ನಮ್ಮ ಅಜ್ಜಂದಿರು ಡೋಗಿ ಬರ ಎಂದು ಹೇಳುತ್ತಿದ್ದ 1876-78ರ ದೊಡ್ಡ ಬರ ಮುಗಿದು ಎರಡೇ ವರ್ಷ ಆಗಿತ್ತು. ತಂದೆ ಗುರುಬಸಪ್ಪನವರು ಸಾಲಿ ಮಾಸ್ತರರು, ಬರವಣಿಗೆಯ ಕೈಯೂ ಇತ್ತು. ತಾಯಿ ದಾನಮ್ಮ ಮಗ ಸಣ್ಣವನಿದ್ದಾಗಲೇ ತೀರಿಹೋದರು. ಮಾಸ್ತರರ ಮನೆಯೆಂದರೆ ಪುಸ್ತಕ ಇರತಾವ, ರೊಕ್ಕ ಇರೂದಿಲ್ಲ. ಅಂಥ ಮನೆಯ ಹುಡುಗ ಧಾರವಾಡದಲ್ಲಿ ಓದು ಮುಗಿಸಿ ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ ಕಾಲೇಜು ಸೇರಿದ. ಆ ಮ್ಯಾಲೆ ಕಾಯ್ದೆ ಓದಿ 1904ರಲ್ಲಿ ಎಲ್‌ಎಲ್‌ಬಿ ಪಾಸಾದ. ಆಗ ಕನ್ನಡ ನಾಡಿನ ಬಡ ಮಾಸ್ತರರ ಮಗ ಮುಂಬಯಿಗೆ ಹೋಗಿ ಕಾಯ್ದೆ ಪಾಸು ಮಾಡುವುದು ಸಣ್ಣ ಮಾತಲ್ಲ.

ಇಲ್ಲಿ ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗಲಿಕ್ಕೆ ಮನಸ್ಸು ಬಾರದು. ಕನ್ನಡ ಕುಲಪುರೋಹಿತ ಆಲೂರು ವೆಂಕಟರಾಯರು ಹುಟ್ಟಿದ್ದೂ ಅದೇ 1880ರ ಅದೇ ಜುಲೈ ತಿಂಗಳು, ಬಿಜಾಪುರದಲ್ಲಿ. ಅವರೂ ಕಾಯ್ದೆ ಓದಿದವರೇ. ಬಿಜಾಪುರದಲ್ಲಿ ಹುಟ್ಟಿದವರು ಧಾರವಾಡಕ್ಕೆ ಹೋಗಿ ವಕೀಲರಾದರು, ಧಾರವಾಡದಲ್ಲಿ ಹುಟ್ಟಿದವರು ಬಿಜಾಪುರಕ್ಕೆ ಬಂದು ವಕೀಲರಾದರು. ಇಬ್ಬರೂ ತೀರಿಕೊಂಡದ್ದು 1964ರಲ್ಲಿ, ನಾಲ್ಕು ತಿಂಗಳ ಅಂತರದಲ್ಲಿ. ಆಲೂರರು ವಕೀಲಿಯನ್ನು ಬೇಗ ಬಿಟ್ಟರು. ಹಳಕಟ್ಟಿಯವರು ಬಹಳ ವರ್ಷ ಕರಿಕೋಟು ಬಿಡಲಿಲ್ಲ.

ಸನದು ಸಿಕ್ಕ ಮ್ಯಾಲೆ ಸ್ವಲ್ಪ ದಿನ ಬೆಳಗಾವಿಯಲ್ಲಿ ಇದ್ದು ಬಿಜಾಪುರಕ್ಕೆ ಬಂದರು. ಕಲಾದಗಿಯಲ್ಲಿದ್ದ ಜಿಲ್ಲಾ ಕಚೇರಿ ಬಿಜಾಪುರಕ್ಕೆ ಬಂದು ಆಗ ಇಪ್ಪತ್ತು ವರ್ಷವಾಗಿತ್ತು. ಆದಿಲಶಾಹಿ ಕಾಲದ ಕಟ್ಟಡಗಳಲ್ಲೇ ಸರಕಾರಿ ಕಚೇರಿಗಳು ನಡೆಯುತ್ತಿದ್ದವು. ಸುತ್ತಲಿನ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಂದ ಒಕ್ಕಲಿಗರು ಗಿಡದ ನೆರಳಿನಲ್ಲಿ ಕೂತು ವಕೀಲರ ದಾರಿ ಕಾಯುತ್ತಿದ್ದ ಕಾಲ. ಈಗಲೂ ಮಾನ್ವಿ, ದೇವದುರ್ಗದ ಕೋರ್ಟುಗಳ ಮುಂದೆ ಹೋಗಿ ನೋಡ್ರಿ, ಬುತ್ತಿಯ ಬದಲು ಹೋಟೆಲಿನ ಇಡ್ಲಿ ಬಂದದ್ದು ಬಿಟ್ಟರೆ ಬೇರೆ ವ್ಯತ್ಯಾಸ ಕಾಣುವುದಿಲ್ಲ.

ಆಗ ವಕೀಲರನ್ನು ಹತೋಟಿಯಲ್ಲಿ ಇಟ್ಟಿದ್ದು 1879ರ ಲೀಗಲ್ ಪ್ರಾಕ್ಟೀಷನರ್ಸ್ ಆಕ್ಟ್. ಹಳಕಟ್ಟಿಯವರಿಗಿಂತ ಅದು ಒಂದು ವರ್ಷ ದೊಡ್ಡದು. ಯಾರು ಕೋರ್ಟಿನಲ್ಲಿ ನಿಲ್ಲಬಹುದು, ಯಾರು ನಿಲ್ಲಬಾರದು ಎಂಬುದಕ್ಕೆ ಕಾಗದ ಬೇಕಿತ್ತು, ಆ ಕಾಗದವೇ ಸನದು. ಮಜಾ ಅಂದರೆ ಅದೇ ಕಾಯ್ದೆಯಲ್ಲಿ ಕೋರ್ಟಿನ ದಲ್ಲಾಳಿಗಳ ಪಟ್ಟಿ ಮಾಡುವ ಅಧಿಕಾರವೂ ಸೇರಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಕ್ಷಿದಾರರನ್ನು ಹಿಡಿದು ಇಂಥ ವಕೀಲರ ಹತ್ತಿರ ಬಾ ಎಂದು ಕರೆದೊಯ್ದು ಕಮಿಷನ್ ತಿನ್ನುವವರ ಪಟ್ಟಿ. ಆ ಕಾಯ್ದೆ ಬಂದಾಗ ಬಸ್ಸು ಇರಲಿಲ್ಲ ಅಷ್ಟೇ, ದಲ್ಲಾಳಿ ಇದ್ದ. ಆ ಹಳೇ ಕಾಯ್ದೆಯನ್ನು ತೆಗೆದುಹಾಕಿದ್ದು 2023ರ ಅಡ್ವೊಕೇಟ್ಸ್ ತಿದ್ದುಪಡಿ ಕಾಯ್ದೆ. ಆದರೆ ದಲ್ಲಾಳಿಗಳ ಕಲಮನ್ನು ಮಾತ್ರ ಬಿಡದೆ 1961ರ ಅಡ್ವೊಕೇಟ್ಸ್ ಆಕ್ಟಿಗೆ ಸೇರಿಸಿದರು. ಪಟ್ಟಿಯಲ್ಲಿ ಹೆಸರು ಬಂದ ಮೇಲೂ ದಲ್ಲಾಳಿತನ ಮಾಡಿದರೆ ಮೂರು ತಿಂಗಳ ತನಕ ಸಜಾ, 500 ರೂಪಾಯಿ ತನಕ ದಂಡ. ಒಂದೂವರೆ ಶತಮಾನ ಹಿಡಿದು ಬಿಡದ ರೋಗ ಇದು.

ಹಳಕಟ್ಟಿಯವರು ಇಂಥ ದಾರಿಯಲ್ಲಿ ಹೆಸರು ಮಾಡಿದವರಲ್ಲ. ಕೆಲಸದಿಂದ ಹೆಸರು ಬಂತು. ಸರಕಾರಿ ವಕೀಲರ ಹುದ್ದೆ ಬಂತು. ರಾವ್ ಬಹದ್ದೂರ್ ಎಂಬ ಬಿರುದೂ ಬಂತು. ಆ ಕಾಲದಲ್ಲಿ ಜಿಲ್ಲೆಯ ಸರಕಾರಿ ವಕೀಲ ಅಂದರೆ ಕೈಯಲ್ಲಿ ರೊಕ್ಕ ಆಡುವ ಜಾಗ. ಅವರ ಜೊತೆಯ ವಕೀಲರು ಹೊಲ ಹಿಡಿದರು, ಮಾಳಿಗೆ ಕಟ್ಟಿಸಿದರು.

ಇವರು ಕಟ್ಟಿದ್ದು ಬೇರೆ. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಘ. ಈಗ ಬಿಎಲ್‌ಡಿಇ ಅಂತ ನಮ್ಮ ರಾಯಚೂರ ಹುಡುಗರೂ ಸೀಟಿಗಾಗಿ ಓಡಾಡುತ್ತಾರಲ್ಲ, ಅದೇ ಸಂಸ್ಥೆ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು. ಬ್ಯಾಂಕಿನ ಮಾತು ಬಂದಾಗ ನನಗೆ ಅನಿಸುವುದೊಂದು. ಕೋರ್ಟಿನಲ್ಲಿ ಕೂತ ವಕೀಲರ ಕಣ್ಣಿಗೆ ದಿನಾ ಬೀಳುವುದು ಸಾಲದ ಕೇಸು. ಸಾಹುಕಾರನ ಬಡ್ಡಿ, ಡಿಕ್ರಿ, ಜಪ್ತಿ, ಎತ್ತು ಹೋಯಿತು, ಹೊಲ ಹೋಯಿತು. ಕೇಸು ನಡೆಸಿ ಫೀ ತಗೊಂಡು ಮನೆಗೆ ಹೋಗುವ ವಕೀಲರು ಬಹಳ. ಕೇಸು ಹುಟ್ಟುವ ಜಾಗಕ್ಕೇ ಹೋಗಿ ಕಡಿಮೆ ಬಡ್ಡಿಗೆ ಸಾಲ ಸಿಗಲಿ ಅಂತ ಬ್ಯಾಂಕು ತೆಗೆಯುವವರು ಕಡಿಮೆ. ತನ್ನ ಹೊಟ್ಟೆಪಾಡಿನ ಕೇಸು ತಾನೇ ಕಮ್ಮಿ ಮಾಡಿಕೊಂಡಂತೆ ಅದು.

1920ರ ಸುಮಾರಿಗೆ ಮುಂಬಯಿಯ ಶಾಸನ ಸಭೆಗೂ ಹೋಗಿ ಕೂತು ಬಂದರು. ಅಲ್ಲಿ ಅವರಿಗೆ ರುಚಿ ಹತ್ತಲಿಲ್ಲ ಎಂದು ಕಾಣುತ್ತದೆ. ಮನಸ್ಸು ಬೇರೆ ಕಡೆ ಇತ್ತು.

ಆ ಬೇರೆ ಕಡೆ ಯಾವುದೆಂದರೆ ತಾಡೋಲೆ ಗಂಟು. ಕಾಯ್ದೆ ಓದುತ್ತಿದ್ದ ದಿನಗಳಲ್ಲೇ, 1903ರ ಸುಮಾರಿಗೆ, ರಬಕವಿ-ಬನಹಟ್ಟಿಯ ಕಡೆ ಹೋದಾಗ ಒಂದು ಮನೆಯಲ್ಲಿ ಹಳೇ ವಚನದ ತಾಡೋಲೆಗಳನ್ನು ನೋಡಿದ್ದರು. ಆಗಿನ ಮಂದಿಗೆ ಅವು ಪೂಜೆ ಮಾಡುವ ಗಂಟು. ಅರಿಶಿಣ ಕುಂಕುಮ ಹಚ್ಚಿ ಜಗುಲಿಯ ಮ್ಯಾಲೆ ಇಡುವುದು, ಬಿಚ್ಚಿ ಓದುವುದಿಲ್ಲ. ಹುಳ ತಿನ್ನುತ್ತಿದ್ದವು, ಗೆದ್ದಲು ಹಿಡಿಯುತ್ತಿದ್ದವು. ಹಳಕಟ್ಟಿಯವರು ಅವನ್ನು ಬಿಚ್ಚಿ ಓದಿದರು. ಅಲ್ಲಿಂದ ಅವರಿಗೆ ಹಿಡಿದ ಹುಚ್ಚು ಸಾಯುವ ತನಕ ಬಿಡಲಿಲ್ಲ.

ಕೋರ್ಟಿಗೆ ಸೂಟಿ ಇದ್ದಾಗ ಊರೂರು ತಿರುಗಿದರು. ಮಠ, ಹಳೇ ಮನೆತನ, ಅಟ್ಟ, ಜಂತಿ, ಎಲ್ಲಿ ಗಂಟು ಇದೆ ಅಂತ ಸುಳಿವು ಸಿಕ್ಕರೆ ಅಲ್ಲಿಗೆ ಹೋದರು. ಸಿಕ್ಕದ್ದನ್ನು ಹಾಗೇ ಅಚ್ಚು ಹಾಕಲಿಲ್ಲ. ಒಂದೇ ವಚನಕ್ಕೆ ನಾಲ್ಕು ಕಡೆಯ ಪ್ರತಿ ತರಿಸಿ, ಒಂದರ ಪಕ್ಕ ಒಂದು ಇಟ್ಟು, ಯಾವುದರಲ್ಲಿ ಯಾವ ಶಬ್ದ ತಪ್ಪಿದೆ, ಯಾರು ನಡುವೆ ಸೇರಿಸಿದ್ದಾರೆ ಎಂದು ತಾಳೆ ನೋಡಿದರು. ಸಾಕ್ಷಿದಾರರ ಹೇಳಿಕೆಯನ್ನು ತಾಳೆ ನೋಡುವ ವಕೀಲರ ಬುದ್ಧಿ ಇಲ್ಲಿ ಕೆಲಸಕ್ಕೆ ಬಂತು ಅಂತ ನನ್ನ ಎಣಿಕೆ. ಅವರಿಗಿಂತ ಮೊದಲು ಗೊತ್ತಿದ್ದ ವಚನಕಾರರು ಐವತ್ತರ ಆಸುಪಾಸು, ಅವರ ಕೆಲಸ ಆದ ಮೇಲೆ ಇನ್ನೂರೈವತ್ತರ ಹತ್ತಿರ ಬಂತು ಎಂದು ಪಂಡಿತರ ಲೆಕ್ಕ.

ಅಚ್ಚು ಹಾಕಿಸುವುದೇ ದೊಡ್ಡ ಪಜೀತಿ ಆಯಿತು. ವಚನಶಾಸ್ತ್ರಸಾರದ ಮೊದಲ ಭಾಗವನ್ನು ಮಂಗಳೂರಿನ ಬಾಸೆಲ್ ಮಿಷನ್ ಛಾಪಖಾನೆಗೆ ಕಳಿಸಿದರು, ಮುಂಗಡವನ್ನೂ ಕೊಟ್ಟರು. ಅವರು ಅಚ್ಚು ಹಾಕಲಿಲ್ಲ, ತಿರುಗಿ ಕಳಿಸಿದರು. ಕಡೆಗೆ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ 1923ರಲ್ಲಿ ಅದು ಹೊರಗೆ ಬಂತು. ಮಂದಿಯ ಪ್ರೆಸ್ಸಿನ ಬಾಗಿಲು ಎಷ್ಟು ದಿನ ತಟ್ಟುವುದು? 1925ರಲ್ಲಿ ಬಿಜಾಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆಗೆದರು. ಅದಕ್ಕೆ ರೊಕ್ಕ ಎಲ್ಲಿಂದ ಬರಬೇಕು? ಇದ್ದ ಮನೆ ಮಾರಿದರು. ಜಿಲ್ಲೆಯ ಸರಕಾರಿ ವಕೀಲರು ಬಾಡಿಗೆ ಮನೆಗೆ ಹೋದರು.

1926ರಲ್ಲಿ ಶಿವಾನುಭವ ಎಂಬ ಪತ್ರಿಕೆ, 1927ರಲ್ಲಿ ನವಕರ್ನಾಟಕ ಎಂಬ ವಾರಪತ್ರಿಕೆ. ಪತ್ರಿಕೆಯ ಖರ್ಚು ಏನು ಎಂಬುದು ನಮ್ಮಂಥ ಸಂಜೆ ಪೇಪರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಗದದವನಿಗೆ ಬಾಕಿ, ಮೊಳೆ ಜೋಡಿಸುವವನಿಗೆ ಪಗಾರ, ಚಂದಾದಾರರು ಚಂದಾ ಕಳಿಸುವುದಿಲ್ಲ. ಹಾಗಿದ್ದೂ ಶಿವಾನುಭವ ಮೂವತ್ತು ವರ್ಷ ದಾಟಿ ನಡೆಯಿತು. ಅದೇ 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಇವರೇ ಅಧ್ಯಕ್ಷರು. ಬರಬರುತ್ತ ಕೋರ್ಟಿನ ಕೆಲಸ ಹಿಂದೆ ಬಿತ್ತು. ಕಡೆಗೆ ಸರಕಾರಿ ವಕೀಲಿಯನ್ನೂ ಬಿಟ್ಟರು. ಹಳೇ ಕೋಟಿಗೆ ತ್ಯಾಪೆ ಹಚ್ಚಿಕೊಂಡು, ಸೈಕಲ್ ಮ್ಯಾಲೆ ಪ್ರೂಫಿನ ಕಾಗದ ಹಿಡಕೊಂಡು ಬಿಜಾಪುರದ ಬೀದಿಯಲ್ಲಿ ತಿರುಗುತ್ತಿದ್ದರು ಎಂದು ಆ ಕಡೆಯ ಹಿರಿಯರು ಹೇಳಿಕೊಂಡು ಬಂದಿದ್ದಾರೆ.

ಓದುಗರು ಕೇಳಬಹುದು, ಬಿಜಾಪುರದ ವಕೀಲರ ಕಥೆ ನಮಗ್ಯಾಕೆ, ನಾವು ರಾಯಚೂರ ಮಂದಿ ಅಂತ. ಸರಿ. ಅದರಲ್ಲೂ ಒಂದು ಮಾತು ಅದ. ಹಳಕಟ್ಟಿಯವರು ಸನದು ತಗೊಂಡಾಗ ಬಿಜಾಪುರ ಮುಂಬಯಿ ಇಲಾಖೆಯಲ್ಲಿ ಇತ್ತು, ನಮ್ಮ ರಾಯಚೂರು ನಿಜಾಮರ ಹೈದರಾಬಾದಿನಲ್ಲಿ. ನಡುವೆ ಇದ್ದದ್ದು ಕೃಷ್ಣಾ ಹೊಳೆ. ಹೊಳೆಯ ಆ ದಂಡೆಯಲ್ಲಿ ಇಂಗ್ಲಿಷಿನ ಕೋರ್ಟು, ಈ ದಂಡೆಯಲ್ಲಿ ಉರ್ದುವಿನ ಕೋರ್ಟು. ಹೈಕೋರ್ಟು ಬೇರೆ, ಕಾಯ್ದೆ ಬೇರೆ, ವಕೀಲರ ಪರವಾನಗಿ ಬೇರೆ. ಅಲ್ಲಿಯ ಸನದು ಇಲ್ಲಿ ನಡೆಯುತ್ತಿರಲಿಲ್ಲ. ಮಾನ್ವಿಯ ಒಕ್ಕಲಿಗನಿಗೆ ತನ್ನ ಮೇಲಿನ ದಾವೆಯಲ್ಲಿ ಏನು ಬರೆದಿದ್ದಾರೆ ಎಂದು ತಿಳಿಯಬೇಕಾದರೆ ಮೊದಲು ಉರ್ದು ಬಲ್ಲವನನ್ನು ಹುಡುಕಬೇಕಿತ್ತು, ಆಮೇಲೆ ವಕೀಲರನ್ನು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು, ನಿಜಾಮಶಾಹಿ ಮುಗಿಯಿತು. 1956ರ ನವೆಂಬರ್ 1ಕ್ಕೆ ಎರಡೂ ದಂಡೆ ಒಂದೇ ರಾಜ್ಯಕ್ಕೆ ಬಂದವು. ಅದಕ್ಕಾಗಿ ಬರೆದು ಓಡಾಡಿದವರಲ್ಲಿ ಹಳಕಟ್ಟಿಯವರೂ ಒಬ್ಬರು, ಅದನ್ನು ಕಣ್ಣಿಂದ ನೋಡುವಷ್ಟು ಆಯುಷ್ಯವೂ ಅವರಿಗೆ ಇತ್ತು. ಅದೇ 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ಅವರು ಇದ್ದಾಗಲೇ 1961ರ ಅಡ್ವೊಕೇಟ್ಸ್ ಆಕ್ಟ್ ಬಂತು. ಪ್ಲೀಡರು, ಮುಖ್ತಾರರು ಎಂಬ ಹಳೇ ಜಾತಿಗಳ ಕಾಲ ಮುಗಿಯುತ್ತ ಬಂದು ಎಲ್ಲರೂ ಅಡ್ವೊಕೇಟರೇ ಆದರು. ಪ್ರತಿ ರಾಜ್ಯಕ್ಕೆ ಒಂದು ವಕೀಲರ ಪರಿಷತ್ತು, ಅಲ್ಲಿ ಹೆಸರು ಬರೆಸಿದವರಿಗೆ ಮಾತ್ರ ವಕೀಲಿ. ನಮ್ಮದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. ಹೆಸರು ಬರೆಸಿದಾಗ ಒಂದು ನಂಬರು ಕೊಡುತ್ತಾರೆ. ಮೊದಲು ಕೆಎಆರ್ ಎಂಬ ಮೂರು ಅಕ್ಷರ, ಆಮೇಲೆ ಕ್ರಮ ಸಂಖ್ಯೆ, ಕಡೆಗೆ ಇಸವಿ. ಒಂದು ರಾಜ್ಯದಲ್ಲಿ ಹೆಸರು ಇದ್ದವರು ದೇಶದ ಯಾವ ಕೋರ್ಟಿನಲ್ಲಾದರೂ ನಿಲ್ಲಬಹುದು ಎಂಬ ಕಲಮು ಮಾತ್ರ 2011ರ ಜೂನ್‌ನಲ್ಲಿ ಜಾರಿಗೆ ಬಂತು. ಐವತ್ತು ವರ್ಷ ಪುಸ್ತಕದಲ್ಲೇ ಮಲಗಿತ್ತು!

ಬಸ್ಸಿನ ಹಿರಿಯರಿಗೆ ನಾನು ಹೇಳಬೇಕಿದ್ದ ಉಳಿದ ಮಾತು ಇವು. ನಂಬರು ಕೇಳಲಿಕ್ಕೆ ನಾಚಿಕೊಳ್ಳಬಾರದು. ಖರೇ ವಕೀಲರು ಸಿಟ್ಟಿಗೇಳುವುದಿಲ್ಲ, ವಕಾಲತ್ತಿನ ಕಾಗದದ ಮ್ಯಾಲೆ ಅವರೇ ಅದನ್ನು ಬರೆಯುತ್ತಾರೆ. ಅನುಮಾನ ಬಂದರೆ ಕೋರ್ಟಿನ ಆವರಣದಲ್ಲಿ ವಕೀಲರ ಸಂಘ ಇರುತ್ತದೆ, ಅಲ್ಲಿ ಕೇಳಬಹುದು. ಬೆಂಗಳೂರಿನ ಪರಿಷತ್ತಿಗೆ ಕಾಗದ ಬರೆದೂ ಕೇಳಬಹುದು. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದು, ವಕಾಲತ್ತನ್ನು ಓದಿಸಿ ಕೇಳಿ ಸಹಿ ಮಾಡಬೇಕು. ಕೊಟ್ಟ ರೊಕ್ಕಕ್ಕೆ ಪಾವತಿ ಬೇಡಬೇಕು. ಗೆದ್ದರೆ ಹೊಲದಲ್ಲಿ ಇಷ್ಟು ಪಾಲು ಎಂದು ಮಾತಾಡುವವರು ಸಿಕ್ಕರೆ ಅಲ್ಲಿಂದ ಏಳುವುದು ಚಲೋ, ಯಾಕೆಂದರೆ ಹಾಗೆ ಫಲಿತಾಂಶದ ಮ್ಯಾಲೆ ಫೀ ಕಟ್ಟುವುದನ್ನು ಬಾರ್ ಕೌನ್ಸಿಲಿನ ನಿಯಮವೇ ಒಪ್ಪುವುದಿಲ್ಲ. ವಕೀಲರು ಜಾಹೀರಾತು ಹಾಕಿ ಕಕ್ಷಿದಾರರನ್ನು ಕರೆಯುವಂತೆಯೂ ಇಲ್ಲ. ಹೀಗಾಗಿ ಗೋಡೆಗೆ ದೊಡ್ಡ ಬೋರ್ಡು ಹಚ್ಚಿ ಕೇಸು ಗೆದ್ದು ಕೊಡತೇವಿ ಅಂತ ಕರೆಯುವವರ ಬಗ್ಗೆ ಒಂದು ಕಣ್ಣು ಇರಲಿ. ಸನದು ಇಲ್ಲದೆ ಕೋರ್ಟಿನಲ್ಲಿ ವಕೀಲಿ ಮಾಡಿದವನಿಗೆ ಆರು ತಿಂಗಳ ತನಕ ಸಜಾ ಇದೆ. ಸನದು ಇದ್ದೂ ಮೋಸ ಮಾಡಿದವರ ಮೇಲೆ ಪರಿಷತ್ತಿಗೆ ದೂರು ಕೊಡಬಹುದು, ಅಲ್ಲಿ ವಿಚಾರಣೆ ನಡೆದು ಹೆಸರು ಹೊಡೆದುಹಾಕುವ ತನಕ ಹೋಗಬಹುದು.

ಇನ್ನು ರೊಕ್ಕವೇ ಇಲ್ಲದವರ ಮಾತು. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಸಣ್ಣ ಮಕ್ಕಳು, ಜೈಲಿನಲ್ಲಿ ಇದ್ದವರು, ಇವರಿಗೆ ವಕೀಲರನ್ನು ಪುಕ್ಕಟೆ ಕೊಡಬೇಕು. ಆದಾಯ ಕಡಿಮೆ ಇದ್ದ ಉಳಿದ ಬಡವರಿಗೂ ಉಂಟು. ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಅರ್ಜಿ ಕೊಟ್ಟರೆ ಸಾಕು. ಫೋನು ಮಾಡುವುದಿದ್ದರೆ 15100. ಚಹಾದ ಅಂಗಡಿಯ ಕರಿಕೋಟಿನವನು ಇದನ್ನ ಯಾರಿಗೂ ಹೇಳುವುದಿಲ್ಲ, ಹೇಳಿದರೆ ಅವನ ಅಂಗಡಿ ಮುಚ್ಚತದ.

ನಂಬರು ಇದ್ದರ ಸಾಕೇನು ಎಂಬ ಹಿರಿಯರ ಪ್ರಶ್ನೆ ಮಾತ್ರ ಇವತ್ತಿಗೂ ನನ್ನ ತಲೆಯಲ್ಲಿ ಕೂತಿದೆ. ನಂಬರು ಇಲ್ಲದವನ ಹತ್ತಿರ ಹೋಗಲೇಬಾರದು, ಅದು ಖರೆ. ನಂಬರು ಇದ್ದವರಲ್ಲಿ ಯಾರು ಚಲೋ ಎಂಬುದಕ್ಕೆ ಪರಿಷತ್ತಿನ ರಿಜಿಸ್ಟರಿನಲ್ಲಿ ಕಾಲಮು ಇಲ್ಲ. ಬಿಜಾಪುರದಲ್ಲಿ ಹಳಕಟ್ಟಿಯವರ ಕಾಲಕ್ಕೆ ಸನದು ಇದ್ದವರು ಅನೇಕರು. ಅವರ ಮಾಳಿಗೆಗಳನ್ನು ಈಗ ಯಾರು ಗುರುತು ಹಿಡಿಯುತ್ತಾರೆ? ಊರಿನ ಹತ್ತು ಮಂದಿಯನ್ನು ಕೇಳಿ, ಅವರ ಕೇಸು ನಡೆಸಿದ ರೀತಿ ನೋಡಿ, ಪೇಶಿಗೆ ಸರಿಯಾಗಿ ಹಾಜರಾಗುತ್ತಾರೋ ಇಲ್ಲವೋ ಎಂದು ಕೋರ್ಟಿನಲ್ಲಿ ಅರ್ಧ ದಿನ ಕೂತು ನೋಡಿ ಬರುವುದೇ ದಾರಿ. ಬಸ್ಸಿನ ಚಾರ್ಜು ಹೋದರೂ ಹೋಗಲಿ.

ಹಳಕಟ್ಟಿಯವರು ತೀರಿಕೊಂಡದ್ದು 1964ರ ಜೂನ್ 29ರಂದು, ಬಿಜಾಪುರದಲ್ಲಿ. ಮೂರು ದಿನ ಕಳೆದಿದ್ದರೆ ಎಂಬತ್ನಾಲ್ಕು ತುಂಬುತ್ತಿತ್ತು. ಸ್ವಂತಕ್ಕೆ ಅಂತ ಆಸ್ತಿ ಮಾಡಿರಲಿಲ್ಲ. ನೂರಕ್ಕೂ ಮಿಕ್ಕಿ ಪುಸ್ತಕ, ಒಂದು ಬ್ಯಾಂಕು, ಒಂದು ವಿದ್ಯಾಸಂಸ್ಥೆ ಬಿಟ್ಟು ಹೋದರು. ಬಿಜಾಪುರಕ್ಕೆ 2014ರಲ್ಲಿ ವಿಜಯಪುರ ಎಂಬ ಹೆಸರು ಬಂತು. ಅವರ ಹೆಸರಿನ ಸಂಶೋಧನ ಕೇಂದ್ರ ಅಲ್ಲಿ ಇದೆ. ಕೇಸಿನ ಕೆಲಸಕ್ಕೋ ಸೀಟಿನ ಕೆಲಸಕ್ಕೋ ಆ ಊರಿಗೆ ಹೋದವರು ಬಸ್ಸಿಗೆ ಇನ್ನೂ ಹೊತ್ತಿದ್ದರೆ ನೋಡಿ ಬರಬಹುದು.

ಹಿರೇಕೊಟ್ನೆಕಲ್ ಹಿರಿಯರು ನಿನ್ನೆ ಮತ್ತೆ ಸಿಕ್ಕಿದ್ದರು. ವಕೀಲರ ಸಂಘದಲ್ಲಿ ವಿಚಾರಿಸಿ ಒಬ್ಬರಿಗೆ ವಕಾಲತ್ತು ಕೊಟ್ಟಿದ್ದಾರೆ. ನಂಬರನ್ನು ಮೊಮ್ಮಗನ ಕೈಯಿಂದ ಚೀಲದ ಮ್ಯಾಲೆ ಪೆನ್ನಿನಲ್ಲಿ ಬರೆಸಿಕೊಂಡಿದ್ದಾರೆ. ಮುಂದಿನ ಪೇಶಿ ಬರುವ ತಿಂಗಳು.